ಬಾಗಿಲಿಗೆ ಅಂಟಿಸಿದ ಕೆಂಪು ಕಾಗದ

ಮೊನ್ನೆ ಆಫೀಸಿನಿಂದ ಟ್ಯಾಂಪಿನೀಸ್‌ನ ಮನೆಗೆ ಬಂದು ಬೀಗಕ್ಕೆ ಕೀ ಹಾಕುವಾಗ ಬಾಗಿಲ ಚೌಕಟ್ಟಿನ ಮೇಲೆ ಒಂದು ಕೆಂಪು ಕಾಗದದ ಚೂರು ಕಂಡಿತು. ಅಂಗೈಯಗಲವೂ ಇರಲಿಲ್ಲ. ಮೇಲಿನ ಅಂಚಿಗೆ ಒಂದೇ ಒಂದು ತುಂಡು ಟೇಪು ಹಾಕಿದ್ದರು. ಕಾರಿಡಾರಿನ ಗಾಳಿಗೆ ಕೆಳಗಿನ ತುದಿ ಪಟಪಟ ಅನ್ನುತ್ತಿತ್ತು. ಅದನ್ನು ನೋಡಿದ್ದೇ ತಡ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ನಗು ಬಂತು. ಆ ಹೊಟ್ಟೆಯಲ್ಲಿದ್ದವಳು ಈಗ ನನಗಿಂತ ಎತ್ತರವಾಗಿದ್ದಾಳೆ, ಒಳಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಓದುತ್ತಿದ್ದಾಳೆ.

ಆಗ ನಾವು ಚೋವಾ ಚು ಕಾಂಗ್‌ನ ಸರ್ಕಾರಿ ವಸತಿಯ ಒಂದು ಬ್ಲಾಕಿನಲ್ಲಿ ಬಾಡಿಗೆಗಿದ್ದೆವು. ಉದ್ದನೆಯ ಕಾರಿಡಾರು, ಸಾಲಾಗಿ ಮನೆಗಳು. ಒಂದು ಪಕ್ಕ ಮಲಯ್ ಸಂಸಾರ, ಇನ್ನೊಂದು ಪಕ್ಕ ಚೀನೀಯರು, ನಡುವೆ ಮೈಸೂರಿನ ನಾವು. ಇದು ಆಕಸ್ಮಿಕವೇನಲ್ಲ. ಯಾವ ಬ್ಲಾಕಿನಲ್ಲಿ ಯಾವ ಜನಾಂಗದವರು ಎಷ್ಟು ಮನೆ ಕೊಳ್ಳಬಹುದು ಎಂದು ಈ ದ್ವೀಪದೇಶದಲ್ಲಿ ಸರ್ಕಾರವೇ ಪಾಲು ಗೊತ್ತು ಮಾಡಿದೆ. ಯಾರೂ ತಮ್ಮದೇ ಕೇರಿ ಕಟ್ಟಿಕೊಂಡು ಕೂರಬಾರದು ಎಂಬ ಉದ್ದೇಶ. ಒಳ್ಳೆಯದೇ. ಆದರೆ ಬಾಗಿಲ ಪಕ್ಕ ಬಾಗಿಲು ಇಡಿಸುವ ಕಾನೂನಿಗೆ, ಆ ಬಾಗಿಲ ಹಿಂದೆ ಯಾರು ಯಾವುದಕ್ಕೆ ಹೆದರುತ್ತಾರೆ ಎಂದು ಹೇಳಿಕೊಡಲು ಬರುವುದಿಲ್ಲ.

ಕಾರಿಡಾರಿನ ಕೊನೆಯಲ್ಲಿ ಮೂಲೆಮನೆ ಆಂಟಿ ಇದ್ದರು. ಚೀನೀಯರು, ಅರವತ್ತು ದಾಟಿದ್ದವರು. ಬೆಳಗಾದರೆ ಬಾಗಿಲ ಹೊರಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ಅವರ ಯಜಮಾನರು ಪಕ್ಕದಲ್ಲಿ ನಿಂತು ಪಂಜರದ ಹಕ್ಕಿಗೆ ಸೀಟಿ ಹಾಕುತ್ತಿದ್ದರು. ಆಂಟಿಯ ಇಂಗ್ಲಿಷು ನಾಲ್ಕಾರು ಮಾತು, ನನಗೆ ಅವರ ಭಾಷೆ ಸೊನ್ನೆ. ಆದರೂ ಹಬ್ಬಕ್ಕೆ ಕಿತ್ತಳೆ ಕೊಡುವಾಗ, ನನ್ನ ಚಕ್ಕುಲಿ ತೆಗೆದುಕೊಳ್ಳುವಾಗ ನಮಗೆ ಮಾತಿನ ಕೊರತೆ ಆದದ್ದಿಲ್ಲ. ಮೊದಲ ಸಲ ಬಸುರಿಯಾದಾಗ ನನಗೆ ನಾಲ್ಕನೇ ತಿಂಗಳಲ್ಲೇ ಹೋಯಿತು. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಆಂಟಿ ಆ ಸ್ಟೂಲನ್ನು ನಮ್ಮ ಗ್ರಿಲ್ ಬಾಗಿಲ ಮುಂದೆ ತಂದು ಹಾಕಿಕೊಂಡು ಮಧ್ಯಾಹ್ನದವರೆಗೂ ಸುಮ್ಮನೆ ಕೂತಿದ್ದರು. ಅವತ್ತು ನನ್ನ ಜೊತೆ ಅಷ್ಟು ಹೊತ್ತು ಕೂತವರು ಅವರೊಬ್ಬರೇ.

ಎರಡನೇ ಸಲ ಬಸುರಿಯಾದಾಗ ನಾನು ಹಗ್ಗ ಕಂಡರೂ ಹಾವು ಅನ್ನುವ ಸ್ಥಿತಿಯಲ್ಲಿದ್ದೆ. ಎಂಆರ್‌ಟಿ ರೈಲಿನಲ್ಲಿ ಯಾರಾದರೂ ಕೆಮ್ಮಿದರೆ ಹೆದರಿಕೆ, ಕೆಮ್ಮದೆ ಸುಮ್ಮನೆ ನೋಡಿದರೂ ಹೆದರಿಕೆ. ತೊಟ್ಟಿಲಿಗೆಂದು ನನ್ನ ಗಂಡ ಗೋಡೆಗೆ ಮೊಳೆ ಹೊಡೆಯಲು ಶುರು ಮಾಡಿದ ದಿನ ಆಂಟಿ ಓಡಿಬಂದು ಅವನ ಕೈಯಿಂದ ಸುತ್ತಿಗೆಯನ್ನೇ ಕಿತ್ತುಕೊಂಡರು. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದಂತೆ. ಸುತ್ತಿಗೆ ನಮಗೆ ವಾಪಸು ಸಿಕ್ಕಿದ್ದು ಹೆರಿಗೆಯಾದ ಮೇಲೆಯೇ.

ಎಂಟನೇ ತಿಂಗಳಿಗೆ ಮೈಸೂರಿನಿಂದ ಅತ್ತೆ ಬಂದರು. ಬಂದ ದಿನವೇ ನನ್ನ ಗಂಡ ಅವರನ್ನು ಕೂರಿಸಿಕೊಂಡು ಹೇಳಿದ್ದ: "ಅಮ್ಮ, ಅಕ್ಕಪಕ್ಕದವ್ರ ಜೊತೆ ಏನೂ ಕಿರಿಕ್ ಬೇಡ. ಇಲ್ಲಿ ಜನಾಂಗ, ಧರ್ಮ ಅಂದ್ರೆ ತುಂಬಾ ಸೀರಿಯಸ್. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಇಲ್ಲೇ ಕಾಯಂ ಇರೋಕೆ ಹಾಕಿರೋ ನಮ್ಮ ಪಿಆರ್ ಅಪ್ಲಿಕೇಶನ್ ಗೋವಿಂದ." ಅತ್ತೆ, "ನಾನ್ಯಾಕೋ ಯಾರ ತಂಟೆಗೆ ಹೋಗ್ಲಿ" ಎಂದರು. ಅವರಿಗೆ ನನ್ನದೇ ಚಿಂತೆ. ಹಿಂದಿನ ಸಲ ತಾವು ಇಲ್ಲಿರಲಿಲ್ಲವಲ್ಲ ಎಂಬ ಕೊರಗು ಅವರನ್ನು ತಿನ್ನುತ್ತಿತ್ತು.

ಆ ವಾರವೇ ಆಂಟಿಯ ಯಜಮಾನರು ಆಸ್ಪತ್ರೆಯಲ್ಲಿ ತೀರಿಕೊಂಡರು. ಕಟ್ಟಡದ ಬುಡದಲ್ಲಿ ಗೋಡೆಗಳಿಲ್ಲದೆ ಬಯಲಾಗಿ ಬಿಟ್ಟ ಜಾಗವನ್ನು ಇಲ್ಲಿ ವಾಯ್ಡ್ ಡೆಕ್ ಅನ್ನುತ್ತಾರೆ. ಒಂದು ವಾರ ಅಲ್ಲಿ ಮಲಯ್ ಮದುವೆಯ ಬಿರಿಯಾನಿ, ಇನ್ನೊಂದು ವಾರ ಚೀನೀ ಸಾವಿನ ಊದುಬತ್ತಿ. ಪೆಟ್ಟಿಗೆಯಲ್ಲಿ ದೇಹವನ್ನಿಟ್ಟು ಕೆಲವು ದಿನ ಕಾಯುವುದು ಅವರ ಪದ್ಧತಿ. ಲಿಫ್ಟಿನಿಂದ ಹೊರಬಿದ್ದರೆ ಎದುರಿಗೇ ಆ ಪೆಟ್ಟಿಗೆ. "ನೀನು ಕೆಳಗೆ ಇಳೀಲೇಬೇಡ" ಎಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಬಸುರಿ ಹೆಣ ನೋಡಬಾರದು ಎನ್ನುವುದು ನನಗೂ ಗೊತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಹೊಸ್ತಿಲು ಸಾರಿಸಲು ಬಾಗಿಲು ತೆಗೆದ ಅತ್ತೆ ಕಿಟಾರನೆ ಕಿರುಚಿದರು. ಚೌಕಟ್ಟಿನ ಮೇಲೆ ಕೆಂಪು ಕಾಗದ. "ಸಾವಿನ ಮನೆಯವ್ರು ತಮ್ಮ ಪೀಡೆ ನಮ್ಮನೆಗೆ ದಾಟಿಸಿದಾರೆ ಕಣೇ! ಬಸುರಿ ಇರೋ ಮನೆ ಅಂತ ನೋಡ್ಕೊಂಡೇ ಮಾಟ ಮಾಡಿದಾರೆ." ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು ನನಗೆ. ಆಂಟಿ ಅಂಥವರಲ್ಲ ಎಂದೆ, ಆದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಅತ್ತೆ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿದರು. ಆಮೇಲೆ ಆ ಕಾಗದವನ್ನು ಒಲೆಯ ಇಕ್ಕಳದಲ್ಲಿ ಹಿಡಿದು ಕಿತ್ತು, ಕಾರಿಡಾರಿನ ಕೊನೆಗೆ ಹೋಗಿ, ಮುಚ್ಚಿದ್ದ ಮೂಲೆಮನೆಯ ಬಾಗಿಲ ಮುಂದೆ ಹಾಕಿ ಬಂದರು. "ಯಾರದೋ ಅವರಿಗೇ ಸೇರಲಿ" ಎಂದು ಕೈ ತೊಳೆದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮಗು ಅಲುಗಾಡುತ್ತಿಲ್ಲ ಅನ್ನಿಸಿತು.

ಎಡಕ್ಕೆ ಮಗ್ಗುಲಾದೆ. ಸಕ್ಕರೆ ಹಾಕಿ ತಣ್ಣನೆಯ ಹಾಲು ಕುಡಿದೆ. ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಯಲ್ಲೇ ದೇವರ ಹೆಸರು ಹೇಳುತ್ತ ಕೂತರು. ಏನೂ ಇಲ್ಲ... ಜುರಾಂಗ್ ಈಸ್ಟ್‌ನ ಆಫೀಸಿನಲ್ಲಿದ್ದ ಗಂಡ ಫೋನಿನಲ್ಲಿ, "ನೀವು ಟ್ಯಾಕ್ಸಿ ಹಿಡೀರಿ, ನಾನು ನೇರ ಆಸ್ಪತ್ರೆಗೇ ಬರ್ತೀನಿ" ಎಂದ. ಎಷ್ಟೇ ಬೇಡವೆಂದರೂ ಈಗ ಕೆಳಗೆ ಇಳಿಯಲೇಬೇಕಿತ್ತು. ಲಿಫ್ಟಿನಲ್ಲಿ ಅತ್ತೆ ತಮ್ಮ ಸೆರಗನ್ನು ನನ್ನ ಹೊಟ್ಟೆಯ ಮೇಲೆ ಹೊದಿಸಿ ಹಿಡಿದಿದ್ದರು.

ಲಿಫ್ಟಿನ ಬಾಗಿಲು ತೆರೆಯುತ್ತಲೇ ಊದುಬತ್ತಿಯ ಹೊಗೆ ಮುಖಕ್ಕೆ ಬಡಿಯಿತು. ದುಂಡು ಮೇಜುಗಳು, ಕಡಲೆಕಾಯಿ ತಿನ್ನುತ್ತ ಕೂತ ಜನ. ನಡುವಿನಿಂದ ಬಿಳಿ ಅಂಗಿ ತೊಟ್ಟ ಆಂಟಿ ಎರಡೂ ಕೈ ಚಾಚಿ ಕೂಗುತ್ತ ಓಡಿಬಂದರು. "ನೋ, ನೋ! ಬೇಬಿ ಕೆನಾಟ್ ಲಾ! ಡೋಂಟ್ ಲುಕ್!" ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, "ನೋಡು, ಶಾಪ ಹಾಕ್ತಿದಾಳೆ" ಎಂದರು. ಆದರೆ ಆಂಟಿ ನಮ್ಮಿಂದ ಒಂದು ಮಾರು ದೂರದಲ್ಲೇ ಗಕ್ಕನೆ ನಿಂತರು. ನನ್ನನ್ನು ಮುಟ್ಟಲಿಲ್ಲ. ಮುಟ್ಟಬಾರದು ಎಂದು ತಮ್ಮ ಕೈಯನ್ನು ತಾವೇ ಹಿಂದಕ್ಕೆ ಎಳೆದುಕೊಂಡಂತಿತ್ತು. ಮೇಜಿನ ಬಳಿಯಿದ್ದ ಹೆಂಗಸೊಬ್ಬಳಿಗೆ ಏನೋ ಹೇಳಿದರು. ಅವಳು ಒಂದು ಕೆಂಪು ಬಟ್ಟೆ ತಂದು ನನ್ನ ಹೊಟ್ಟೆಗೆ ಸುತ್ತಿ ಕಟ್ಟಿದಳು. ಅಷ್ಟಾದ ಮೇಲೆ ಆಂಟಿ ನನಗೂ ಪೆಟ್ಟಿಗೆಗೂ ನಡುವೆ ಅಡ್ಡ ನಿಂತು, ನಾನು ಒಂದು ಹೆಜ್ಜೆ ಇಟ್ಟರೆ ತಾವೂ ಒಂದು ಹೆಜ್ಜೆ ಇಡುತ್ತ, ಆ ಜಾಗ ದಾಟುವವರೆಗೂ ನನ್ನ ಕಣ್ಣಿಗೆ ಪರದೆಯಾಗಿ ಬಂದರು. ಗಂಡನ ಪೆಟ್ಟಿಗೆಗೆ ಬೆನ್ನು ಹಾಕಿಕೊಂಡು...

ಟ್ಯಾಕ್ಸಿಯವರೆಗೆ ಬಂದ ಆ ಹೆಂಗಸು ಆಂಟಿಯ ನಾದಿನಿ, ಒಳ್ಳೆಯ ಇಂಗ್ಲಿಷ್ ಬಲ್ಲವಳು. ಸಾವು ದಾರಿ ತಪ್ಪಿ ಅಕ್ಕಪಕ್ಕದ ಮನೆ ಹೊಗದಿರಲಿ ಎಂದು ಸತ್ತವರ ಮನೆಯವರು ನೆರೆಯವರ ಬಾಗಿಲಿಗೆಲ್ಲ ಕೆಂಪು ಕಾಗದ ಅಂಟಿಸುತ್ತಾರಂತೆ. ಸಾಮಾನ್ಯವಾಗಿ ಆ ಕೆಲಸ ಬೇರೆಯವರದು. "ಆದರೆ ನಮ್ಮತ್ತಿಗೆ ಯಾರ ಕೈಗೂ ಬಿಡಲಿಲ್ಲ. ಗಂಡನ ಮುಂದೆ ದೀಪ ಹಚ್ಚುವುದಕ್ಕೂ ಮೊದಲು ಮೇಲೆ ಹತ್ತಿ ನಿನ್ನ ಬಾಗಿಲಿಗೆ ಅಂಟಿಸಿ ಬಂದಳು" ಎಂದಳು.

ಟ್ಯಾಕ್ಸಿಯಲ್ಲಿ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು, "ಅದನ್ನ ನಾನು ಅವ್ರ ಬಾಗ್ಲಿಗೇ ಹಾಕ್ಬಂದೆನಲ್ಲೇ..." ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಕಾವಲನ್ನ ಕೈಯಾರ ಕಿತ್ತುಬಿಟ್ಟೆ" ಎಂದರು. ಬೆಳಿಗ್ಗೆ ಆ ಕಾಗದ ಇದೆಯೆಂದು ಹೆದರಿದ್ದೆವು, ಈಗ ಅದು ಇಲ್ಲವೆಂದು ಹೆದರಿಕೆ. ಆ ದಾರಿ ಅಷ್ಟು ಉದ್ದವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹೊಟ್ಟೆಯೊಳಗೆ ಮಾತ್ರ ಸದ್ದಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಹೊಟ್ಟೆಗೆ ಪಟ್ಟಿ ಬಿಗಿದು ಯಂತ್ರ ಹಚ್ಚಿದಳು. ಮೊದಲು ಬರೀ ಗರಗರ. ಆಮೇಲೆ, ಓಡುವ ಕುದುರೆಯ ಗೊರಸಿನ ಹಾಗೆ, ನನ್ನ ಮಗಳ ಎದೆಬಡಿತ.

ಸಂಜೆ, ಪೆಟ್ಟಿಗೆ ಕಣ್ಣಿಗೆ ಬೀಳದಿರಲೆಂದು, ಗಂಡನ ಜೊತೆ ಹಿಂಬದಿಯ ಮೆಟ್ಟಿಲ ಕಡೆಯಿಂದ ನಿಧಾನವಾಗಿ ಹತ್ತಿ ಬಂದೆವು. ನಮ್ಮ ಬಾಗಿಲ ಮೇಲೆ ಕೆಂಪು ಕಾಗದ ಮತ್ತೆ ಇತ್ತು. ಗಾಳಿಗೆ ಬಿದ್ದಿರಬೇಕು ಎಂದುಕೊಂಡು ಆಂಟಿ ಮತ್ತೆ ಬಂದು ಅಂಟಿಸಿದ್ದರು. ಈ ಸಲ ನಾಲ್ಕೂ ಕಡೆಗೆ ಟೇಪು. ಅತ್ತೆ ಅದರ ಮುಂದೆ ನಿಂತರು. ಹೆಬ್ಬೆರಳಿನಿಂದ ನಾಲ್ಕೂ ಅಂಚನ್ನು ಒಂದೊಂದಾಗಿ ಒತ್ತಿದರು.

ಶವಸಂಸ್ಕಾರ ಮುಗಿದ ಮೇಲೆ ಆಂಟಿಯೇ ಬಂದು ಆ ಕಾಗದ ತೆಗೆದರು. ಮಗಳು ಹುಟ್ಟಿ ಮನೆಗೆ ಬಂದಾಗ ಅವರು ಒಳಗೆ ಕಾಲಿಡಲಿಲ್ಲ. ದುಃಖದ ಅವಧಿ ಮುಗಿಯುವವರೆಗೆ ಬಾಣಂತಿ ಮನೆಗೆ ಬರಬಾರದಂತೆ. "ನಮ್ಮ ಸೂತಕದ ಹಾಗೇನೇ" ಎಂದು ಅತ್ತೆ ತಲೆದೂಗಿದರು. ದಿನಾ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಗ್ರಿಲ್ ಬಾಗಿಲಿಗೆ ಹೋಗುತ್ತಿದ್ದರು. ಆಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆಂಟಿ, ಈಚೆ ಮಗುವಿನೊಂದಿಗೆ ಅತ್ತೆ. ಇಕ್ಕಳದ ವಿಷಯ ಆಂಟಿಗೆ ಯಾವತ್ತೂ ತಿಳಿಯಲಿಲ್ಲ. ಹೇಳುವುದಕ್ಕೆ ಅತ್ತೆಗೆ ಭಾಷೆ ಇರಲಿಲ್ಲ. ಮೈಸೂರಿಗೆ ಹೊರಡುವ ದಿನ ಮಾತ್ರ ಅತ್ತೆ ಗ್ರಿಲ್ ತೆರೆದು, ಯಾವ ಸೂತಕವನ್ನೂ ಲೆಕ್ಕಿಸದೆ, ಮಗುವನ್ನು ಆಂಟಿಯ ಕೈಗೇ ಕೊಟ್ಟುಬಿಟ್ಟರು.

ಮುಂದೆ ಪಿಆರ್ ಬಂತು, ಟ್ಯಾಂಪಿನೀಸ್‌ನಲ್ಲಿ ಮನೆ ಕೊಂಡು ಶಿಫ್ಟ್ ಆದೆವು. ದ್ವೀಪದ ಈ ತುದಿ, ಆ ತುದಿ. ಮೊದಮೊದಲು ಹೋಗಿ ಬರುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ... ಹೋದ ವರ್ಷ ಚಕ್ಕುಲಿ ಹಿಡಿದುಕೊಂಡು ಹೋದಾಗ ಮೂಲೆಮನೆಯ ಬಾಗಿಲು ತೆರೆದದ್ದು ಗುರುತಿಲ್ಲದ ಹುಡುಗಿ. ಆಂಟಿ ತೀರಿಕೊಂಡು ಬಹಳ ದಿನಗಳಾಗಿದ್ದವು. ಚಕ್ಕುಲಿಯನ್ನು ಹಾಗೇ ವಾಪಸು ತಂದೆ.

ಮೊನ್ನೆ ನಾನು ಬಾಗಿಲಲ್ಲೇ ನಿಂತದ್ದು ನೋಡಿ ಮಗಳು ಹೊರಗೆ ಬಂದಳು. "ಅಮ್ಮಾ, ಯಾರು ತೀರ್ಕೊಂಡಿದ್ದು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಇದೇ ಕಾರಿಡಾರಿನಲ್ಲಿದ್ದೂ, ನಮ್ಮ ಮನೆ ಕಾಯಲೆಂದು ಕಾಗದ ಅಂಟಿಸಿದ ಆ ಮನೆ ಯಾವುದೆಂದು ಗೊತ್ತಿರಲಿಲ್ಲ. ಒಳಗಿನಿಂದ ಟೇಪು ತರಿಸಿ ಉಳಿದ ಮೂರು ಅಂಚಿಗೂ ಹಾಕಿ, ಹೆಬ್ಬೆರಳಿನಿಂದ ಒತ್ತಿದೆ. ಆಮೇಲೆ ಯಾರೆಂದು ಕೇಳಲು ಮಗಳನ್ನೂ ಕರೆದುಕೊಂಡು ಕೆಳಗೆ ವಾಯ್ಡ್ ಡೆಕ್‌ಗೆ ಇಳಿದೆ.

ಆಂಟಿ ಹೋದ ದಿನವೂ ಅವರ ಮನೆಯವರು ಆ ಕಾರಿಡಾರಿನ ಬಾಗಿಲಿಗೆಲ್ಲ ಕೆಂಪು ಕಾಗದ ಅಂಟಿಸಿರುತ್ತಾರೆ. ನಮ್ಮ ಹಳೆಯ ಬಾಗಿಲಿಗೂ ಅಂಟಿಸಿರುತ್ತಾರೆ. ಆ ಬಾಗಿಲ ಹಿಂದೆ ನಾನಿರಲಿಲ್ಲ.