ಮಹಡಿಯ ಮೇಲಿನ ಅಜ್ಜಿ

ಹರಿಹರದ ದುರುಗವ್ವ ಮೂವತ್ತು ವರ್ಷದಿಂದ ಊರ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು. ಅವಳಿಗೇ ಥೈರಾಯ್ಡ್ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು. ಉಳಿದ ಬೇರನ್ನು ಸುಡಲೆಂದು ವಿಕಿರಣದ ಅಯೋಡಿನ್ ಗುಳಿಗೆ ನುಂಗಿಸಿದರು.

"ಇದು ಅಣುಸ್ಥಾವರದಾಗ ತಯಾರಾಗೋ ಔಷಧ. ಮುಂದೆ ಇಂಥವೇ ಹೆಚ್ಚು ಬರ್ತಾವ್ರಿ," ಎಂದರು ದಾವಣಗೆರೆಯ ಡಾಕ್ಟರು. "ಆದ್ರೆ ಹದಿನೈದು ದಿನ ನಿಮ್ಮ ಮೈಯಿಂದ ಕಿರಣ ಬರ್ತಿರ್ತಾವೆ. ಬಾಣಂತಿ, ಕೂಸಿನ ಹತ್ರ ಹೋಗಬ್ಯಾಡ್ರಿ."

ಅದೇ ವಾರ ಅವಳ ಸೊಸೆ ಲಕ್ಷ್ಮೀದೇವಿ ಹೆಣ್ಣು ಹೆತ್ತಿದ್ದಳು. ಸೊಸೆಗೆ ತಾಯಿ ಇರಲಿಲ್ಲ, ಬಾಣಂತನ ಅತ್ತೆಯ ಮನೆಯಲ್ಲೇ. ದುರುಗವ್ವ ಮಹಡಿಯ ಕೋಣೆ ಸೇರಿದಳು. ಮಗ ಯೋಗರಾಜ ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಅವಳು ಬೆಳಕಿಗೆ ಕೈ ಹಿಡಿದು ನೋಡಿಕೊಳ್ಳುತ್ತಿದ್ದಳು. ಕಲೆಯಿಲ್ಲ, ಸುಟ್ಟ ಗುರುತಿಲ್ಲ. ಇವೇ ಕೈ ಕೂಸನ್ನು ಮುಟ್ಟಬಾರದಂತೆ!

ಒಂದು ಬೆಳಿಗ್ಗೆ ಕೆಳಗೆ ಬಚ್ಚಲಲ್ಲಿ ಮಗು ಚೀರಿತು. ಎರೆಯುತ್ತಿದ್ದವನು ಯೋಗರಾಜನೇ. ದುರುಗವ್ವ ಕಿಟಕಿಯಿಂದ ಕೂಗಿದಳು: "ಲೇ, ನೀರು ಬಿಸಿ ಐತೇನು ನೋಡು! ಮೊಣಕೈ ಅದ್ದಿ ನೋಡು!"

"ಹೂನವ್ವ, ಬಿಸಿ ಐತೆ!"

"ತಣ್ಣೀರು ಬೆರೆಸು. ಕಾಲ ಮ್ಯಾಲೆ ಬೋರಲು ಮಲಗಿಸ್ಕೋ, ಹೆದರಬ್ಯಾಡ."

ಅಂದಿನಿಂದ ದಿನವೂ ಹೀಗೇ ಕೂಗಿ ಕಲಿಸಿದಳು. ಮಗು ಸುಮ್ಮನಾದ ಮೇಲೆ ಕೋಣೆ ಇನ್ನಷ್ಟು ಬಿಕೋ ಎನ್ನುತ್ತಿತ್ತು.

ಹದಿನಾರನೆಯ ದಿನ ಕೆಳಗಿಳಿದು ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡಳು. ಕೂಸು ಬಿಕ್ಕಿ ಬಿಕ್ಕಿ ಅತ್ತಿತು. ಎಷ್ಟು ತಟ್ಟಿದರೂ ನಿಲ್ಲಲಿಲ್ಲ.

"ಕೊಡವ್ವ, ನಾನೇ ಎರಿತೀನಿ," ಎಂದ ಯೋಗರಾಜ ಮೆಲ್ಲಗೆ. ಅವನ ಕಾಲಿಗೆ ಬಂದದ್ದೇ ಮಗು ಅಳು ನಿಲ್ಲಿಸಿತು.

ದುರುಗವ್ವ ಚೊಂಬಿನಲ್ಲಿ ನೀರು ತುಂಬಿ ನಿಧಾನಕ್ಕೆ ಹುಯ್ಯತೊಡಗಿದಳು.