ಅಂಕ ರದ್ದು ಮಾಡಲು ಆರು ದಿನ

ವಾಂಡಾ ಬ್ರೋಜೆಕ್ ನೋಡದೆ ಆ ಕೌಂಟಿ ಕೋರ್ಟಿನೊಳಗೆ ಒಂದು ಕಾಗದವೂ ಹೋಗುತ್ತಿರಲಿಲ್ಲ. ಪಿಟ್ಸ್‌ಬರ್ಗಿನಿಂದ ನದಿಯ ಗುಂಟ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ಊರು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಬಿಡುವಿಲ್ಲದೆ ನಡೆಯುತ್ತಿದ್ದದ್ದು ಕೋರ್ಟೊಂದೇ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಗುಮಾಸ್ತೆ. ಮೊನ್ನೆ ಮೊನ್ನೆ ಟೈ ಕಟ್ಟಲು ಕಲಿತ ವಕೀಲರು ತಪ್ಪುತಪ್ಪಾಗಿ ಬರೆದ ಅರ್ಜಿ ಹಿಡಿದು ಬಂದರೆ ಸದ್ದಿಲ್ಲದೆ ತಿದ್ದಿಸಿ ಕಳಿಸುವಳು. ಅವರೋ ಒಳಗೆ ಹೋಗಿ ಗೆದ್ದು ಬಂದು ಅವಳ ಕಿಟಕಿಯ ಮುಂದೆಯೇ ಬೀಗುವರು.

"ಇವರಿಗೆಲ್ಲ ಹೇಳ್ಕೊಡೋದು ನೀನು, ವಕೀಲರು ಅನ್ನಿಸ್ಕೊಳ್ಳೋದು ಅವರು! ನಿಂಗೆ ಹೊಟ್ಟೆ ಉರಿಯಲ್ವೇನೇ?" ಎಂದು ಅವಳ ಅಪ್ಪ ಕಾಜ್ ವರ್ಷಗಟ್ಟಲೆ ಚುಚ್ಚುತ್ತಿದ್ದ. ಕುಲುಮೆಯ ಮುಂದೆ ಮೂವತ್ತೊಂದು ವರ್ಷ ದುಡಿದು ಶ್ವಾಸಕೋಶ ಕಳೆದುಕೊಂಡ ಮನುಷ್ಯ. ಬಾಯಿ ಮಾತ್ರ ಕಳೆದುಕೊಂಡಿರಲಿಲ್ಲ. ಆ ಕಾಟಕ್ಕೇ ಅವಳು ಸಂಜೆ ತರಗತಿಗಳಲ್ಲಿ ಕೂತು ನಲವತ್ತೆರಡಕ್ಕೆ ಪದವಿ ಮುಗಿಸಿದಳು. ನಲವತ್ತನಾಲ್ಕಕ್ಕೆ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೆಸರು ಬರೆಸಿದಳು.

ಪರೀಕ್ಷೆ ಡಿಸೆಂಬರಿನ ಒಂದು ಶನಿವಾರ. ಅದರ ಹಿಂದಿನ ವಾರ ಅಪ್ಪ ಆಸ್ಪತ್ರೆ ಸೇರಿದ. ಇನ್ನೂ ಕೆಲವು ವಾರ ಇದ್ದಾರು ಎಂದು ಡಾಕ್ಟರು ಹೇಳಿದ್ದರು. ಆದರೂ ಅವಳು ಹೋಗುವುದಿಲ್ಲ ಎಂದಳು.

"ಇಲ್ಲಿ ಕೂತು ನನ್ನ ಉಸಿರು ಎಣಿಸ್ತೀಯಾ? ಅದಕ್ಕೆ ಮಿಷನ್ ಇಟ್ಟಿದಾರೆ. ನಡಿ ಆಚೆ!" ಎಂದು ಮೂಗಿಗೆ ಸಿಕ್ಕಿಸಿದ ನಳಿಗೆಯ ಸಮೇತ ಗದರಿದ.

ಹೋದಳು. ಆ ಪರೀಕ್ಷೆಯಲ್ಲಿ ಬರೆಯುವುದೇನೂ ಇಲ್ಲ. ಉತ್ತರದ ಹಾಳೆಯ ಪುಟ್ಟ ಸೊನ್ನೆಗಳನ್ನು ಪೆನ್ಸಿಲಿನಿಂದ ಕಪ್ಪು ಮಾಡಬೇಕು, ಅಷ್ಟೆ. ಮೊದಲೆರಡು ಭಾಗ ಸಲೀಸಾಗಿ ಮುಗಿದವು. ಮೂರನೆಯದರಲ್ಲಿ ಹನ್ನೊಂದನೆಯ ಪ್ರಶ್ನೆ ಕಗ್ಗಂಟಾಯಿತು, ಆಮೇಲೆ ನೋಡೋಣ ಎಂದು ಬಿಟ್ಟಳು. ಹಾಳೆಯಲ್ಲಿ ಅದರ ಸಾಲು ಬಿಡುವುದನ್ನು ಮರೆತಳು. ಹನ್ನೆರಡರ ಉತ್ತರ ಹನ್ನೊಂದರಲ್ಲಿ, ಹದಿಮೂರರದ್ದು ಹನ್ನೆರಡರಲ್ಲಿ ಹೀಗೆ ಕೂರುತ್ತಾ ಹೋಯಿತು. ಬೇರೆಯವರ ಕಾಗದದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೂ ಹಿಡಿಯುವವಳಿಗೆ ತನ್ನ ತಪ್ಪು ಕಂಡಾಗ ಉಳಿದಿದ್ದದ್ದು ಮೂರೇ ನಿಮಿಷ. ಅಳಿಸಿದಳು, ತುಂಬಿದಳು, ಮತ್ತೆ ಅಳಿಸಿದಳು. ಎಷ್ಟು ಸರಿಹೋಯಿತೋ ತಿಳಿಯುವ ಮೊದಲೇ ಹಾಳೆ ತಿರುಗಿಸಿ ಎಂದರು. ಉಳಿದ ಭಾಗಗಳಲ್ಲಿ ಪ್ರತಿ ಸಾಲಿನ ಸಂಖ್ಯೆಯನ್ನೂ ಎರಡೆರಡು ಸಲ ನೋಡುತ್ತಾ ಹೊತ್ತು ಕಳೆದಳು.

ಫೋನು ಒಳಗೆ ತರುವಂತಿಲ್ಲವೆಂದು ಕಾರಿನಲ್ಲೇ ಬಿಟ್ಟಿದ್ದಳು. ಒಂದೂವರೆಗೆ ಹೊರಗೆ ಬಂದು ನೋಡಿದರೆ ತಂಗಿ ಸೀಸಿಲಿಯಾ ಹನ್ನೊಂದು ಸಲ ಕರೆ ಮಾಡಿದ್ದಳು. ಅಪ್ಪ ಹನ್ನೆರಡೂ ಹತ್ತಕ್ಕೆ ಹೋಗಿಬಿಟ್ಟಿದ್ದ.

ಆಸ್ಪತ್ರೆಯ ಪಡಸಾಲೆಯಲ್ಲಿ ಸೀಸಿಲಿಯಾ ಒಂದೇ ಮಾತು ಹೇಳಿದಳು. "ಅಪ್ಪ ಇಲ್ಲಿ ಏದುಸಿರು ಬಿಡ್ತಿದ್ರೆ ನೀನಲ್ಲಿ ಸೊನ್ನೆ ಸುತ್ತುತಾ ಕೂತಿದ್ದೆ."

ವಾಂಡಾ ಒಳಗೆ ಹೋಗಿ ಅಪ್ಪನ ಮಂಚದ ಪಕ್ಕ ನಿಂತಳು.

ಆ ಪರೀಕ್ಷೆಗೊಂದು ವಿಚಿತ್ರ ನಿಯಮ. ಕೆಟ್ಟದಾಗಿ ಮಾಡಿದೆನೆಂದು ಅನಿಸಿದರೆ ಆರು ದಿನದೊಳಗೆ ಸಹಿ ಮಾಡಿದ ಚೀಟಿಯನ್ನು ಫ್ಯಾಕ್ಸ್ ಮಾಡಿ ಅಂಕ ರದ್ದು ಮಾಡಿಸಬಹುದು. ಆದರೆ ಅಂಕ ಎಷ್ಟೆಂದು ಮೊದಲು ಹೇಳುವುದಿಲ್ಲ. ರದ್ದಾದ ಮೇಲಂತೂ ಕಾಲೇಜಿಗಿರಲಿ, ಬರೆದವರಿಗೂ ಎಂದೆಂದಿಗೂ ಹೇಳುವುದಿಲ್ಲ. ಫೆಬ್ರವರಿಯಲ್ಲಿ ಮತ್ತೆ ಬರೆಯಬಹುದು. ರದ್ದು ಮಾಡದಿದ್ದರೆ ಈ ಅಂಕ ಅರ್ಜಿಯ ಬೆನ್ನು ಬಿಡದು, ಅವಳ ವಯಸ್ಸಿನವಳಿಗೆ ಅಷ್ಟೇ ಸಾಕು ಬಾಗಿಲು ಮುಚ್ಚಲು.

ಬೇರೆ ಯಾರಾದರೂ ಬಂದು ಕೇಳಿದ್ದರೆ ವಾಂಡಾ ಕಣ್ಣು ಮಿಟುಕಿಸದೆ "ರದ್ದು ಮಾಡು" ಎನ್ನುತ್ತಿದ್ದಳು. ತನಗೆ ಹೇಳಿಕೊಳ್ಳಲಾಗಲಿಲ್ಲ. ಅಪ್ಪನ ಕೊನೆಯ ಬೆಳಗನ್ನು ಕೊಟ್ಟು ತಂದದ್ದು ಆ ಒಂದು ಹಾಳೆ. ಅದನ್ನೂ ಇಲ್ಲವೆನ್ನಿಸಿಬಿಟ್ಟರೆ ಯಾತಕ್ಕಾಗಿ ಅವನನ್ನು ಬಿಟ್ಟು ಹೋದಂತಾಯಿತು? ಸೋಮವಾರ, ಮಂಗಳವಾರ ಶವಪೆಟ್ಟಿಗೆಯ ಪಕ್ಕ ನಿಂತು ಬಂದವರ ಕೈ ಕುಲುಕಿದಳು. ಕಾರ್ಖಾನೆಯ ಮುದುಕರು ಯೂನಿಯನ್ ಜಾಕೆಟ್ ತೊಟ್ಟು ಬಂದು, "ನೀನು ವಕೀಲೆ ಆಗ್ತೀಯಂತೆ, ಕಾಜ್ ನಮ್ಮ ತಲೆ ತಿಂದುಬಿಟ್ಟಿದ್ದ ಕಣಮ್ಮ" ಎಂದು ಕಣ್ಣೊರೆಸಿಕೊಂಡರು. ಬುಧವಾರ ಮಣ್ಣು ಮಾಡಿ, ಚರ್ಚಿನ ನೆಲಮಾಳಿಗೆಯಲ್ಲಿ ಎಲೆಕೋಸಿನ ಸುರುಳಿ ಬಡಿಸಿ, ಎಲ್ಲರನ್ನೂ ಕಳಿಸಿದ್ದಾಯಿತು. ಚೀಟಿ ಅವಳ ಕೈಚೀಲದಲ್ಲೇ ಇತ್ತು.

ಶುಕ್ರವಾರ ಮಧ್ಯಾಹ್ನ ಅಕ್ಕತಂಗಿಯರು ಅಪ್ಪನ ಅಂಗಿಗಳನ್ನು ಮಡಿಸಿ ಡಬ್ಬಕ್ಕೆ ತುಂಬುತ್ತಿದ್ದರು. ಐದಕ್ಕೆ ಗಡುವು ಮುಗಿಯುತ್ತಿತ್ತು. ವಾಂಡಾ ತಡೆಯಲಾರದೆ ಎಲ್ಲವನ್ನೂ ಹೇಳಿದಳು: ಬಿಟ್ಟ ಪ್ರಶ್ನೆ, ತಪ್ಪಿದ ಸಾಲು, ಚೀಟಿ.

"ಆ ಅಂಕ ಹಂಗೇ ಇರ್ಲಿ ಅಂತಿದೀನಿ. ಕೆಟ್ಟದೋ ಒಳ್ಳೇದೋ, ಆ ದಿನದ್ದು ಅಂತ ನನ್ನ ಹತ್ರ ಇರೋದು ಅದೊಂದೇ."

ಸೀಸಿಲಿಯಾ ಕೈಯಲ್ಲಿದ್ದ ಅಂಗಿ ಮಡಿಸುವುದನ್ನು ನಿಲ್ಲಿಸಿದಳು. ಮುಖ ಕೆಂಪೇರಿತು.

"ನಾನೊಂದು ಸುಳ್ಳು ಹೇಳ್ದೆ ವಾಂಡಾ."

"ಯಾರಿಗೆ?"

"ಅಪ್ಪಂಗೆ. ಹನ್ನೆರಡು ಗಂಟೆಗೆ. ನಿನ್ನ ಪರೀಕ್ಷೆ ಮುಗೀತಾ, ಮುಗೀತಾ ಅಂತ ಒಂದೇ ಸಮ ಕೇಳ್ತಿದ್ರು. ಅವರು ಇನ್ನು ಸ್ವಲ್ಪ ಹೊತ್ತೇ ಇರೋದು ಅಂತ ನಂಗೆ ಗೊತ್ತಾಯ್ತು. 'ವಾಂಡಾ ಫೋನ್ ಮಾಡಿದ್ಲು, ಎಲ್ಲಾನೂ ಬಂತಂತೆ, ಒಂದೂ ಬಿಟ್ಟಿಲ್ವಂತೆ' ಅಂದೆ." ಅವಳ ದನಿ ಒಡೆಯಿತು. "ನಕ್ಕರು ಕಣೇ. ನಂಗೆ ಗೊತ್ತಿತ್ತು ಅಂದ್ರು. ಆಮೇಲೆ ಮಾತೇ ಆಡ್ಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಇದನ್ನ ಬಚ್ಚಿಟ್ಕೊಂಡಿದ್ದೆ. ಹತ್ರ ಕೂತಿದ್ದೋಳು ನಾನು, ಅವರು ಕಾಯ್ತಿದ್ದದ್ದು ನಿನ್ನನ್ನೇ ಅಲ್ವಾ, ಅದಕ್ಕೆ."

ವಾಂಡಾ ಮಂಚದ ಅಂಚಿನಲ್ಲಿ ಕುಸಿದು ಕೂತಳು. ಆರು ದಿನದಿಂದ ಎಲ್ಲೋ ಸಿಕ್ಕಿಹಾಕಿಕೊಂಡಿದ್ದ ಅಳು ಆಗ ಬಂತು. ಸೀಸಿಲಿಯಾ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಾ ತಾನೂ ಅತ್ತಳು.

ನಾಲ್ಕೂವರೆಗೆ ಇಬ್ಬರೂ ಕೋರ್ಟಿಗೆ ಹೋದರು. ಫ್ಯಾಕ್ಸ್ ಯಂತ್ರದ ಮುಂದೆ ನಿಂತು ವಾಂಡಾ ಸಹಿ ಹಾಕಿದಳು.

"ಎಷ್ಟು ಬಂದಿತ್ತು ಅಂತ ನಿಂಗೆ ಯಾವತ್ತೂ ಗೊತ್ತಾಗಲ್ವಲ್ಲೇ," ಎಂದಳು ಸೀಸಿಲಿಯಾ.

"ಯಾರಿಗೂ ಗೊತ್ತಾಗಲ್ಲ," ಎಂದಳು ವಾಂಡಾ. "ಅಪ್ಪಂಗೆ ಗೊತ್ತಿದ್ದದ್ದೇ ಇರ್ಲಿ."

ಚೀಟಿಯನ್ನು ಯಂತ್ರಕ್ಕೆ ಕೊಟ್ಟು, ಅದು ಪೂರ್ತಿ ಒಳಗೆ ಹೋಗುವವರೆಗೂ ತಂಗಿಯ ಕೈ ಹಿಡಿದು ನಿಂತಳು.