ಬೀಡುಬಿಟ್ಟ ಕಾಕಾ

ಹೋದ ವಾರ ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಕಲಬುರಗಿ ಕಡೆಯ ಕೂಲಿಯವರು ಗುಡಿಸಲಿಗೆ ತಾಡಪತ್ರಿ ಕಟ್ಟುತ್ತಿದ್ದರು. ಬಿಸಿಲಿಗೆ ಕಾದ ತಾಡಪತ್ರಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು...

ಕಾಕಾ ವಿಜಯಪುರ ಕಡೆಯವರು. ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ. ನಮ್ಮ ಶಾಲೆಯಲ್ಲಿ ಕನ್ನಡ ಇರಲಿಲ್ಲವಾದ್ದರಿಂದ ಭಾನುವಾರ ಅವರ ಪಡಸಾಲೆಯಲ್ಲೇ ನನಗೆ ಕನ್ನಡ ಪಾಠ. ಒಮ್ಮೆ ಪಾಠದಲ್ಲಿ ‘ಸೈನ್ಯ ಹೊಳೆಯ ದಂಡೆಯಲ್ಲಿ ಬೀಡುಬಿಟ್ಟಿತು’ ಎಂದು ಬಂತು. ಹಾಗಂದರೇನು ಎಂದು ಕೇಳಿದೆ.

“ದಂಡು ದಾರ್ಯಾಗ ಇಳದು ಡೇರೆ ಹೊಡಿಯೂದು. ನೀರು ನೋಡಿ ಇಳೀತೈತಿ, ಗ್ವಾಡಿ ಕಟ್ಟಂಗಿಲ್ಲ. ಕೆಲಸ ಮುಗೀತು, ಡೇರೆ ಕಿತ್ತು ನಡೀತು” ಅಂದರು. “ಈಗೇನ್ ಬಿಡು, ಮದಿವಿಗೆ ಬಂದ ಬೀಗರಿಗೂ ಬೀಡುಬಿಟ್ಟಾರ ಅಂತಾರ. ನಾನೂ ಹೈದರಾಬಾದಿನ್ಯಾಗ ಬೀಡುಬಿಟ್ಟೀನಿ. ಬರಕೋ.”

ಅದು ಬರೀ ಬಾಯಿಮಾತಲ್ಲ. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಗೊಡುತ್ತಿರಲಿಲ್ಲ. ನಿವೃತ್ತಿಯಾದ ಮರುದಿನವೇ ಊರಿಗೆ ಎನ್ನುವುದು ಅವರ ಹಟ. ಅವರ ಹೆಂಡತಿ, ನಮ್ಮ ಕಾಕು, ಆಸೆಪಟ್ಟದ್ದು ಇಲ್ಲೇ ಒಂದು ಸ್ವಂತ ಮನೆ, ಅದರಲ್ಲಿ ಕಲ್ಲುಗಾರೆಯ ದೇವರ ಜಗಲಿ. ಅಲ್ಲಿಯವರೆಗೆ ದೇವರಿಗೆ ಟ್ರಂಕೇ ಗತಿ. “ಒಂದು ಸೀರಿ ತಗೀಬೇಕಂದ್ರ ದೇವರನ್ನ ಎಬ್ಬಸಬೇಕು ನೋಡವಾ” ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಎಷ್ಟು ಬೇಸರವಿತ್ತೋ... ಆಗ ನನಗೆ ತಿಳಿಯುತ್ತಿರಲಿಲ್ಲ.

ಕಾಕಾನ ನಿವೃತ್ತಿಗೆ ಮೊದಲೇ ಕಾಕು ಜ್ವರ ಬಂದು ತೀರಿಕೊಂಡರು. ಅವರಲ್ಲಿ ಹೂಳುವ ಪದ್ಧತಿ. ಊರ ಹೊಲದಲ್ಲಿ ಮನೆತನದ ಜಾಗವಿತ್ತು, ಗಾಡಿ ಕಳಿಸುತ್ತೇವೆ ಎಂದು ಅಣ್ಣತಮ್ಮಂದಿರು ಫೋನು ಮಾಡಿದರು. ಕಾಕಾ ಒಪ್ಪಲಿಲ್ಲ. “ಆಕಿಗೆ ಇಲ್ಲೇ ಇರೂ ಆಸೆ ಇತ್ತು. ಇಲ್ಲೇ ಮಣ್ಣು ಮಾಡೂಣು” ಅಂದರು. ಆಮೇಲೆ ತಾವೇ ಗೌಂಡಿಯನ್ನು ಕರೆತಂದು, ಬಿಸಿಲಲ್ಲಿ ಪಕ್ಕಕ್ಕೇ ನಿಂತು, ಆ ಮಣ್ಣಿನ ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸಿದರು.

ನಿವೃತ್ತಿಯ ನಂತರ ಕಾಕಾ ಊರಿಗೆ ಹೋಗಲಿಲ್ಲ. ಸೋಮವಾರ ಸೋಮವಾರ ಗದ್ದುಗೆಗೆ ಹೂವು ಒಯ್ಯುತ್ತಿದ್ದರು. ಕೊನೆಗೆ ಅದರ ಮಗ್ಗುಲಲ್ಲೇ ಅವರದೂ ಮಣ್ಣಾಯಿತು.

ಈಗ ಪಕ್ಕದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಭಾನುವಾರ ಬಂದರೆ ಕಾಕಾ ಇಲ್ಲವಲ್ಲ ಎನಿಸುತ್ತದೆ. ಒಮ್ಮೊಮ್ಮೆ ಅವರ ಮೇಲೆ ಸಿಟ್ಟೂ ಬರುತ್ತದೆ. ಅಷ್ಟೇ ಕಲ್ಲು, ಅಷ್ಟೇ ಗಾರೆಯಲ್ಲಿ ಒಂದು ಜಗಲಿ ಆಗುತ್ತಿತ್ತು. ಕಾಕು ಕಣ್ಣಾರೆ ನೋಡುತ್ತಿದ್ದರು.